ಬಿಸಿನೀರಿನಲ್ಲಿ ಗರಿ ಮೂಡುವ ಗೂಬೆ

ಕಡ್ಡಿಯಿಂದ ಇಳಿದ ಹೊಸತರಲ್ಲಿ ಉಣ್ಣೆಯ ಗೂಬೆ ಗೂಬೆಯಂತೆ ಕಾಣುವುದೇ ಇಲ್ಲ. ಕುಣಿಕೆಗಳೆಲ್ಲ ಸಡಿಲವಾಗಿ, ಬೆರಳು ತೂರುವಷ್ಟು ಕಿಂಡಿಗಳಿಂದ ತುಂಬಿದ, ನಿಲ್ಲಲೂ ಬಾರದ ಕೂರಲೂ ಬಾರದ ಒಂದು ಜೋಲು ಚೀಲ ಅದು. ಸ್ವೆಟರ್ ಹೆಣೆದು ಕೈ ಪಳಗಿದವರಿಗೆ ಈ ಹಂತ ಕಸಿವಿಸಿ ಉಂಟುಮಾಡುತ್ತದೆ, ಏಕೆಂದರೆ ಬಿಗಿಯಾದ, ಸಮನಾದ ಹೆಣಿಗೆಯೇ ಒಳ್ಳೆಯ ಹೆಣಿಗೆ ಎಂದು ನಮಗೆಲ್ಲ ಹಿರಿಯರು ಕಲಿಸಿದ್ದಾರೆ. ಫೆಲ್ಟ್ ಆಗಬೇಕಾದ, ಎಂದರೆ ಬಿಸಿನೀರಿನಲ್ಲಿ ತಿಕ್ಕಿದಾಗ ಎಳೆಗಳು ಸಿಕ್ಕಿಕೊಂಡು ಗಟ್ಟಿ ಬಟ್ಟೆಯಾಗಬೇಕಾದ ಆಟಿಕೆಯನ್ನಾದರೋ ಬೇಕೆಂದೇ ಸಡಿಲವಾಗಿ ಹೆಣೆಯಬೇಕು. ಸ್ವೆಟರಿಗಾದರೆ ಆರನೇ ನಂಬರಿನ, ಎಂದರೆ 5 ಮಿ.ಮೀ. ದಪ್ಪದ ಕಡ್ಡಿಯಲ್ಲಿ ಹೆಣೆಯುವ ದಪ್ಪ ಉಣ್ಣೆಯನ್ನು ಇಲ್ಲಿ ಮೂರನೇ ನಂಬರಿನ, ಎಂದರೆ 6.5 ಮಿ.ಮೀ. ಕಡ್ಡಿಯಲ್ಲಿ ಹೆಣೆಯುತ್ತೇವೆ. ಎಳೆಗಳು ಅಲುಗಾಡಲು, ಒಂದರೊಳಗೊಂದು ನುಸುಳಲು ಜಾಗ ಬೇಕು. ಬಿಗಿಯಾಗಿ ಹೆಣೆದರೆ ಆ ಜಾಗ ಸಿಗುವುದಿಲ್ಲ.

ಆ ಚೀಲವನ್ನು ಸಾಬೂನು ಕದಡಿದ ಬಿಸಿನೀರಿಗೆ ಇಳಿಸಿ ತಿಕ್ಕುತ್ತಾ ಹೋದರೆ ಅದು ಎತ್ತರದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಅಗಲದಲ್ಲಿ ಅದಕ್ಕಿಂತ ತುಸು ಕಡಿಮೆ ಕುಗ್ಗುತ್ತದೆ. ಕಿಂಡಿಗಳು ಮುಚ್ಚಿಕೊಳ್ಳುತ್ತವೆ, ಕುಣಿಕೆಗಳ ಗುರುತು ಅಳಿಯುತ್ತದೆ, ಕತ್ತರಿ ಹಾಕಿದರೂ ಎಳೆ ಬಿಚ್ಚದಂಥ ದಪ್ಪ, ಮೆತ್ತನೆಯ, ಗಟ್ಟಿ ಮೈ ಬರುತ್ತದೆ. ಹೆಣಿಗೆ ಬಲ್ಲವರಲ್ಲಿ ಅನೇಕರಿಗೆ ಇಷ್ಟು ಗೊತ್ತಿರುತ್ತದೆ. ಆದರೆ ಗೂಬೆಯ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿರುವುದು ಇದರ ಮುಂದಿನ ಮಾತು. ಕುಗ್ಗುವ ಉಣ್ಣೆಯ ಪಕ್ಕದಲ್ಲೇ, ಅದೇ ಸುತ್ತಿನಲ್ಲಿ, ಕುಗ್ಗಲು ಒಪ್ಪದ ಬೇರೆ ಎಳೆಗಳನ್ನು ಸೇರಿಸಿ ಹೆಣೆದರೆ, ಎರಡರ ಸ್ವಭಾವದ ಅಂತರದಿಂದಲೇ ಹಕ್ಕಿಯ ಎದೆಯ ಮೇಲೆ ಗರಿ ಏಳುತ್ತದೆ. ಆಮೇಲೆ ಅಂಟಿಸಿ, ಹೊಲಿದು ಮಾಡುವ ಯಾವ ಅಲಂಕಾರವೂ ಆ ಗರಿಗೆ ಸಾಟಿಯಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಣ್ಣೆ ಏಕೆ ಹೀಗೆ ಕುಗ್ಗುತ್ತದೆ ಎಂಬುದನ್ನು ತಿಳಿದುಕೊಂಡವರಿಗೆ ದಾರದ ಆಯ್ಕೆ ಸುಲಭವಾಗುತ್ತದೆ. ಕುರಿಯ ಉಣ್ಣೆ ನಮ್ಮ ಕೂದಲು, ಉಗುರುಗಳಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿಯೊಂದು ಎಳೆಯ ಮೈಮೇಲೂ, ಮಾಡಿಗೆ ಹೊದಿಸಿದ ಹಂಚಿನಂತೆ, ಒಂದರ ಮೇಲೊಂದು ಹಾಸಿಕೊಂಡ ಹುರುಪೆಗಳು ಕಾಣುತ್ತವೆ. ಅವುಗಳ ಅಂಚೆಲ್ಲ ಎಳೆಯ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಹೀಗಾಗಿ ಬುಡದಿಂದ ತುದಿಗೆ ಬೆರಳಾಡಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಆಡಿಸಿದರೆ ತಡೆ. ನೀರಿನಲ್ಲಿ ಉಬ್ಬಿದ ಎಳೆಯನ್ನು ತಿಕ್ಕಿದಾಗ ಅದು ಬುಡದ ದಿಕ್ಕಿಗಷ್ಟೇ ಜರುಗಬಲ್ಲದು, ಹಿಂದಕ್ಕೆ ಬರಲು ಹುರುಪೆಗಳು ಬಿಡುವುದಿಲ್ಲ. ಸಾವಿರಾರು ಎಳೆಗಳು ಹೀಗೆ ಒಂದೇ ಮುಖವಾಗಿ ಸರಿದು ಒಂದನ್ನೊಂದು ಸಿಕ್ಕಿಸಿಕೊಂಡಾಗ ಬಟ್ಟೆ ಬಿಗಿಯುತ್ತದೆ. ಬಿಸಿ ಎಳೆಯನ್ನು ಮೆತ್ತಗಾಗಿಸುತ್ತದೆ, ಸಾಬೂನು ಜಾರಿಕೆಯನ್ನು ಕೊಡುತ್ತದೆ, ಕೈಯ ತಿಕ್ಕಾಟ ಅದನ್ನು ನಡೆಸುತ್ತದೆ. ಈ ಮೂರರಲ್ಲಿ ತಿಕ್ಕಾಟವೇ ದೊಡ್ಡದು; ಬಿಸಿನೀರಿನಲ್ಲಿ ಸುಮ್ಮನೆ ನೆನೆಹಾಕಿದ ಉಣ್ಣೆ ಬಹಳ ಕುಗ್ಗುವುದಿಲ್ಲ. ಒಮ್ಮೆ ಸಿಕ್ಕಿಕೊಂಡ ಮೇಲೆ ಅದನ್ನು ಬಿಡಿಸಿ ಮೊದಲಿನಂತೆ ಮಾಡುವ ಉಪಾಯ ಯಾವುದೂ ಇಲ್ಲ.

ನಮ್ಮ ಪೇಟೆಗಳಲ್ಲಿ ‘ಉಲ್ಲನ್’ ಎಂದು ಮಾರುವ ಉಂಡೆಗಳಲ್ಲಿ ಹೆಚ್ಚಿನವು ಉಣ್ಣೆಯಲ್ಲ, ಅಕ್ರಿಲಿಕ್ ಎಂಬ ಕೃತಕ ನೂಲು. ಬಣ್ಣಕ್ಕೆ ಅವು ಬಹಳ ಚೆಂದ, ಮಕ್ಕಳ ಟೊಪ್ಪಿಗೆಗೆ ಒಳ್ಳೆಯವು, ಆದರೆ ಅಕ್ರಿಲಿಕ್ ಎಳೆಗೆ ಹುರುಪೆಯೇ ಇಲ್ಲವಾದ್ದರಿಂದ ಎಷ್ಟು ತಿಕ್ಕಿದರೂ ಅದು ಫೆಲ್ಟ್ ಆಗದು. ಸಂದೇಹ ಬಂದಾಗ ಒಂದು ಗೇಣು ದಾರವನ್ನು ಕತ್ತರಿಸಿ ತುದಿಗೆ ಬೆಂಕಿ ತೋರಿಸುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಕರಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನಿಜವಾದ ಉಣ್ಣೆಯಲ್ಲೂ ‘ಸೂಪರ್‌ವಾಶ್’ ಎಂದು ಬರೆದಿರುವುದನ್ನು ಬಿಟ್ಟುಬಿಡಬೇಕು. ಯಂತ್ರದಲ್ಲಿ ಒಗೆದರೂ ಕುಗ್ಗದಿರಲೆಂದು ಕ್ಲೋರಿನ್ ಹಾಯಿಸಿ ಹುರುಪೆಗಳನ್ನು ಸವೆಸಿ, ಮೇಲೆ ತೆಳುವಾದ ರಾಳದ ಲೇಪ ಕೊಟ್ಟಿರುವ ಉಣ್ಣೆ ಅದು. ಬಿಳಿಚಿಸಿದ ಅಚ್ಚ ಬಿಳಿ ಉಣ್ಣೆಯೂ ಕೆಲವೊಮ್ಮೆ ಮೊಂಡುತನ ಮಾಡುತ್ತದೆ. ಕುರಿಯ ಮೈಯ ಸಹಜವಾದ ಕೆನೆಬಣ್ಣದ್ದಾದರೆ ಆ ಚಿಂತೆ ಕಡಿಮೆ. ಹಿಮಾಚಲ, ಉತ್ತರಾಖಂಡಗಳ ಕಡೆಯಿಂದ ಬರುವ ಕೈನೂಲಿನ ಉಣ್ಣೆ, ಬಿಕಾನೇರ್ ಸೀಮೆಯ ಚೋಕ್ಲಾ ಮತ್ತು ಮಗ್ರಾ ತಳಿಗಳ ಉಣ್ಣೆ ಈ ಕೆಲಸಕ್ಕೆ ಆಗಿಬರುತ್ತವೆ. ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ‘ಏನು ತರಲಿ’ ಎಂದು ಕೇಳಿದರೆ ನಾನು ಹೇಳುವುದು ಒಂದೇ, ಸೂಪರ್‌ವಾಶ್ ಅಲ್ಲದ ದಪ್ಪ ಉಣ್ಣೆಯ ಲಡಿ.

ಇನ್ನು ಗರಿಯ ಮಾತು. ಹಾಲಕ್ಕಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಊರೊಳಗಿನ ಹಳೆಯ ಮರಗಳ ಪೊಟರೆಯಲ್ಲಿ, ಪಾಳುಗೋಡೆಯ ಸಂದಿನಲ್ಲಿ ಜೋಡಿಯಾಗಿ ಕೂರುವ ಈ ಪುಟ್ಟ ಗೂಬೆ ಸುಮಾರು 21 ಸೆಂ.ಮೀ. ಉದ್ದದ್ದು; ಬೂದುಗಂದು ಮೈಮೇಲೆಲ್ಲ ಬಿಳಿಯ ಚುಕ್ಕೆ, ಹಳದಿ ಕಣ್ಣು, ಕಣ್ಣಿನ ಮೇಲೆ ಬಿಳಿಯ ಹುಬ್ಬು. ಎದೆಯ ಭಾಗ ಬೆಳ್ಳಗಿದ್ದು ಅದರ ಮೇಲೆ ಕಂದು ಮಚ್ಚೆಗಳಿರುತ್ತವೆ. ಬೂದುಗಂದು ಉಣ್ಣೆಯಲ್ಲಿ ಬೆನ್ನು, ಕೆನೆಬಣ್ಣದ ಉಣ್ಣೆಯಲ್ಲಿ ಎದೆ ಹೆಣೆಯುತ್ತಾ ಬರುವಾಗ, ಎದೆಯ ಭಾಗದಲ್ಲಿ ಕೆಲವು ಸಾಲು ಬಿಟ್ಟು ಒಂದು ಸಾಲಿಗೆ, ಉಣ್ಣೆಯ ಜೊತೆಗೆ ಕಂದು ರೇಷ್ಮೆಯ ಎಳೆಯೊಂದನ್ನು ಸೇರಿಸಿಕೊಂಡು ಪರ್ಲ್ ಹೊಲಿಗೆ, ಎಂದರೆ ಉಲ್ಟಾ ಹೆಣಿಗೆ, ಹಾಕಬೇಕು. ಪರ್ಲ್ ಹಾಕುವುದರಿಂದ ದಾರದ ಗಂಟು ಹೊರಮೈಗೆ ಬರುತ್ತದೆ. ರೇಷ್ಮೆಯೂ ಪ್ರೋಟೀನಿನ ಎಳೆಯೇ, ಆದರೆ ನುಣುಪು. ಹುರುಪೆಯಿಲ್ಲದ ಎಳೆ ಫೆಲ್ಟ್ ಆಗುವುದಿಲ್ಲ. ಬಕೆಟ್ಟಿನಲ್ಲಿ 10 ಸೆಂ.ಮೀ. ಉಣ್ಣೆ 7 ಸೆಂ.ಮೀ.ಗೆ ಇಳಿದಾಗ ಅದರ ಜೊತೆಗಿದ್ದ ರೇಷ್ಮೆ ಮಾತ್ರ ಮೊದಲಿನಷ್ಟೇ ಉದ್ದವಿರುತ್ತದೆ. ಉಳಿದ ಉದ್ದಕ್ಕೆ ಒಳಗೆ ಜಾಗವಿಲ್ಲ, ಹೊರಗೆ ಬರಲೇಬೇಕು. ಹಾಗೆ ಹೊರಬಂದ ರೇಷ್ಮೆ ಸಣ್ಣ ಸಣ್ಣ ಬಳೆಗಳಾಗಿ, ಸಾಲಾಗಿ, ತುಸು ಅಂಕುಡೊಂಕಾಗಿ ಎದೆಯ ಮೇಲೆ ಎದ್ದು ನಿಲ್ಲುತ್ತದೆ. ಯಾವೆರಡು ಬಳೆಗಳೂ ಒಂದೇ ಅಳತೆಯವಾಗಿರುವುದಿಲ್ಲ. ಗರಿಯೂ ಹಾಗೆಯೇ ಅಲ್ಲವೇ?

ರೇಷ್ಮೆಗೆ ನಾನು ಹುಡುಕಾಡಬೇಕಾಗಿಲ್ಲ. ರಾಮನಗರ, ಶಿಡ್ಲಘಟ್ಟಗಳ ನಾಡು ನಮ್ಮದು. ಸೀರೆ ನೇಯುವವರ ಮನೆಯಲ್ಲಿ ಮಗ್ಗದಿಂದ ಇಳಿಸಿ ಉಳಿದ ತುಂಡು ಎಳೆಗಳು, ಹರಿದ ಸೀರೆಯ ಸೆರಗಿನ ಕುಚ್ಚು, ಕಸೂತಿಯಲ್ಲಿ ಉಳಿದ ದಾರ, ಎಲ್ಲವೂ ಬರುತ್ತವೆ. ಕೆಂಪು, ಕಡುನೀಲಿ ರೇಷ್ಮೆಯನ್ನು ಸೇರಿಸಿದರೂ ಬಹಳ ಹತ್ತಿರದಿಂದ ನೋಡಿದವರಿಗಷ್ಟೇ ಅದು ತಿಳಿಯುತ್ತದೆ, ಕಂದುಬಣ್ಣದ ನಡುವೆ ಅದು ಮೈಗೆ ಒಂದು ಆಳವನ್ನು ಕೊಡುತ್ತದೆ. ಆದರೆ ಬಣ್ಣ ಬಿಡುವ ದಾರವೇ ಎಂದು ಮೊದಲೇ ಬಿಸಿನೀರಿನಲ್ಲಿ ಅದ್ದಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡುವುದು ಕಡ್ಡಾಯ.

ಉಳಿದ ನೂಲುಗಳೂ ಒಂದೊಂದು ಒಂದೊಂದು ಗುಣದವು. ಅಂಗೋರಾ ಮೇಕೆಯಿಂದ ಬರುವ ಮೊಹೇರ್ ಫೆಲ್ಟ್ ಆಗುತ್ತದೆ, ಆದರೆ ತನ್ನ ಹೊಳಪನ್ನೂ ಉದ್ದನೆಯ ಕೂದಲನ್ನೂ ಬಿಟ್ಟುಕೊಡುವುದಿಲ್ಲ. ಉಣ್ಣೆಯೊಂದಿಗೆ ಜೋಡಿಸಿ ಹೆಣೆದರೆ ಮೈಸುತ್ತ ಮಂಜಿನ ಪರೆಯೊಂದು ಬರುತ್ತದೆ, ಮರಿಗೂಬೆಗೆ ಇದಕ್ಕಿಂತ ಒಪ್ಪುವ ನೂಲಿಲ್ಲ. ಕುಲು ಕಡೆಯ ಅಂಗೋರಾ ಮೊಲದ ಉಣ್ಣೆ ಇನ್ನೂ ಮೆತ್ತಗೆ, ಆದರೆ ಎಳೆ ಉದುರುತ್ತದೆ, ಹಾಗಾಗಿ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಆಟಿಕೆಗೆ ಬೇಡ. ಗುಂಗುರು ಗುಂಗುರಾಗಿ ಸುತ್ತಿದ ಬುಕ್ಲೆ ನೂಲನ್ನು ಕಾಲಿನ ಮೇಲ್ಭಾಗದ ತುಪ್ಪಳಕ್ಕೆ ಬಳಸುತ್ತೇನೆ. ಹತ್ತಿ ಫೆಲ್ಟ್ ಆಗುವುದಿಲ್ಲ, ರೇಷ್ಮೆಯಂತೆಯೇ ಮೇಲೆದ್ದು ನಿಲ್ಲುತ್ತದೆ, ಆದರೆ ಅದಕ್ಕೆ ಹೊಳಪಿಲ್ಲದ್ದರಿಂದ ಚುಕ್ಕೆಗಳಿಗೆ ಒಳ್ಳೆಯದು. ಹಾಲಕ್ಕಿಯ ಬೆನ್ನಿನ ಬಿಳಿಚುಕ್ಕೆಗಳನ್ನು ಹತ್ತಿಯ ದಾರದ ಒಂಟಿ ಪರ್ಲ್ ಹೊಲಿಗೆಗಳಿಂದಲೇ ಮೂಡಿಸಬಹುದು. ರೆಪ್ಪೆಗೂದಲಿನಂತೆ ಪಾಲಿಯೆಸ್ಟರ್ ಎಳೆಗಳು ಜೋತಾಡುವ ಐಲ್ಯಾಶ್ ನೂಲು ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ ಮತ್ತು ಬಹಳ ಜನ ಇಡೀ ಗೂಬೆಯನ್ನು ಅದರಲ್ಲೇ ಹೊದಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಾಲಿಯೆಸ್ಟರಿನ ಮಿರುಗು ಕಣ್ಣನ್ನು ತನ್ನ ಕಡೆ ಎಳೆದುಕೊಂಡು ಮುಖವನ್ನು ಮಂಕಾಗಿಸುತ್ತದೆ. ಗೂಬೆಯಲ್ಲಿ ನೋಡಬೇಕಾದದ್ದು ಮುಖ. ಉಳಿದದ್ದೆಲ್ಲ ಮುಖಕ್ಕೆ ದಾರಿ ಬಿಡಬೇಕು.

ನಮ್ಮದೇ ಸೀಮೆಯ ಉಣ್ಣೆಯ ಬಗ್ಗೆ ಹೇಳದೆ ಈ ಪಟ್ಟಿ ಮುಗಿಯದು. ಡೆಕ್ಕನಿ ಕುರಿಯ ಕರಿಯ ಉಣ್ಣೆಯಿಂದ ಕುರುಬರು ಗುಂಡಿ ಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಚಳ್ಳಕೆರೆಯೂ ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿಯೂ ಅದಕ್ಕೆ ಹೆಸರಾದ ಊರುಗಳು. ಹುಣಸೆಬೀಜವನ್ನು ಅರೆದು ಬೇಯಿಸಿದ ಸರಿಯನ್ನು ಹಾಸಿನ ನೂಲಿಗೆ ಬಳಿದು ಗಟ್ಟಿ ಮಾಡಿಕೊಳ್ಳುವುದು ಅವರ ಪದ್ಧತಿ. ಈ ಉಣ್ಣೆ ಒರಟು, ಅದರಲ್ಲಿ ಕೂದಲಿನ ಪಾಲು ಹೆಚ್ಚು, ಫೆಲ್ಟ್ ಆಗುವುದು ನಿಧಾನ. ಕೈಯಲ್ಲಿ ನೂತ ಎಳೆಯನ್ನು ಕೊಳ್ಳಲು ಹೋದಾಗ ನೂಲುತ್ತಾ ಕುಳಿತಿದ್ದ ಅಜ್ಜಿಗೆ ಯಾತಕ್ಕೆಂದು ಹೇಳಿದೆ. ಅವರು ಎಳೆಯನ್ನು ತಮ್ಮ ಕೆನ್ನೆಗೆ ಒತ್ತಿ ನೋಡಿಕೊಂಡು, “ಯವ್ವಾ, ಇದು ಮೈಗೆ ಚುಚ್ಚತೈತಿ, ಸಣ್ಣ ಕೂಸಿನ ಗೊಂಬಿಗೆ ಹ್ಯಾಂಗ ಆದೀತು? ಮರಿ ಉಣ್ಣಿ ಇದ್ರ ನೋಡ್ರಿ, ಅದು ಮೆತ್ತಗಿರತೈತಿ” ಎಂದರು. ಅವರ ಮಾತು ಅಕ್ಷರಶಃ ನಿಜ. ಮೊದಲ ಬಾರಿ ಕತ್ತರಿಸಿದ ಮರಿಯ ಉಣ್ಣೆ ಮೆತ್ತಗಿರುತ್ತದೆ, ಆದರೆ ಅದು ಕಂಬಳಿಗೇ ಸಾಲದು. ಒರಟು ಉಣ್ಣೆಗೂ ಗೂಬೆಯ ಮೈಯಲ್ಲಿ ತಕ್ಕ ಜಾಗವಿದೆ. ಕೊಂಬಿನ ಗೂಬೆಯ ತಲೆಯ ಮೇಲೆ ಕಿವಿಯಂತೆ ಕಾಣುವ, ಕಿವಿಯಲ್ಲದ ಆ ಎರಡು ಗರಿಗೊಂಚಲುಗಳು ನೆಟ್ಟಗೆ ನಿಲ್ಲಬೇಕು. ಮೆರಿನೋ ಕುರಿಯ ನವಿರಾದ ಉಣ್ಣೆ ಅಲ್ಲಿ ಬಾಗಿಬಿಡುತ್ತದೆ, ಡೆಕ್ಕನಿ ಬಾಗುವುದಿಲ್ಲ. ದಖ್ಖನ್ನಿನ ಕಲ್ಲುಗುಡ್ಡಗಳಲ್ಲಿ ಬದುಕುವ ಗೂಬೆಗೆ ಅದೇ ಗುಡ್ಡದಲ್ಲಿ ಮೇಯುವ ಕುರಿಯ ಉಣ್ಣೆಯ ಕೊಂಬು ಇರುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಈಗ ಬಕೆಟ್ಟಿನ ಬಳಿಗೆ ಬರೋಣ. ಯಂತ್ರದಲ್ಲಿ ಹಾಕಿ ಬಿಡುವವರಿದ್ದಾರೆ, ಚೀಲ, ಚಪ್ಪಲಿಗಳಿಗೆ ಅದು ಸರಿ. ಬೇರೆ ಬೇರೆ ನೂಲು ಸೇರಿದ ಗೂಬೆಯನ್ನು ಮಾತ್ರ ಕೈಯಲ್ಲೇ ಮಾಡಬೇಕು, ಏಕೆಂದರೆ ಎಲ್ಲಿ ಎಷ್ಟು ತಿಕ್ಕಬೇಕೆಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಸುಮಾರು 60 ಡಿಗ್ರಿ ಬಿಸಿಯ ನೀರಿಗೆ ಬರಿಗೈ ಹಾಕುವಂತಿಲ್ಲ. ರಬ್ಬರಿನ ಕೈಗವಸು ಬೇಕು, ಅದರ ಗೀರುಗಳು ತಿಕ್ಕಲೂ ಅನುಕೂಲ. ಸಾಬೂನಿನ ನೀರಿನಲ್ಲಿ ಚೀಲವನ್ನು ಅದ್ದಿದ ಕೂಡಲೇ ಅದು ಇನ್ನಷ್ಟು ಹಿಗ್ಗಿ ಜೋಲುತ್ತದೆ. ಸ್ವಲ್ಪ ಹೊತ್ತು ಅಂಗೈಗಳ ನಡುವೆ ಹೊರಳಿಸಿದ ಬಳಿಕ ಮೇಲ್ಮೈಯಲ್ಲಿ ಸಣ್ಣ ನವಿರು ಏಳುತ್ತದೆ, ಕುಣಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಲು ಇನ್ನೂ ಬರುತ್ತದೆ. ಆಮೇಲೆ ಒಂದು ಹಂತದಲ್ಲಿ, ಇದ್ದಕ್ಕಿದ್ದಂತೆ, ಕೈಯಲ್ಲಿರುವ ವಸ್ತುವಿನ ತೂಕವೇ ಬೇರೆಯಾದ ಹಾಗೆ ಅನಿಸುತ್ತದೆ: ಬಟ್ಟೆ ಹಿಂದಕ್ಕೆ ಒತ್ತತೊಡಗುತ್ತದೆ. ಅಲ್ಲಿಂದ ಮುಂದೆ ಕೆಲಸ ಬೇಗ ಸಾಗುತ್ತದೆ, ಆಗಾಗ ತೆಗೆದು ನೋಡುತ್ತಿರಬೇಕು. ಬೆನ್ನನ್ನು ಗಟ್ಟಿಯಾಗಿ ತಿಕ್ಕಿ, ರೇಷ್ಮೆ ಇರುವ ಎದೆಯನ್ನು ಒಳಗಡೆಯಿಂದ ಬೆರಳಿಟ್ಟು ಮೃದುವಾಗಿ ತಿಕ್ಕುತ್ತೇನೆ. ಹೊರಗಿನಿಂದ ತಿಕ್ಕಿದರೆ ರೇಷ್ಮೆಯ ಬಳೆಗಳು ಉಣ್ಣೆಯ ನವಿರಿನಲ್ಲಿ ಹೂತುಹೋಗುತ್ತವೆ. ಕೊನೆಗೆ ತಣ್ಣೀರಿನಲ್ಲಿ ಸಾಬೂನು ಹೋಗುವವರೆಗೆ ಜಾಲಿಸಿ, ಹಿಂಡದೆ, ಹಳೆಯ ಟವೆಲ್ಲಿನಲ್ಲಿ ಸುತ್ತಿ ಒತ್ತಬೇಕು.

ಒದ್ದೆಯಿರುವಾಗಲೇ ರೂಪ ಕೊಡಬೇಕಾದ್ದರಿಂದ ಗೂಬೆಯ ಆಕಾರವನ್ನು ಮನಸ್ಸಿನಲ್ಲಿ ಚೆನ್ನಾಗಿ ಇಟ್ಟುಕೊಂಡಿರಬೇಕು. ಗೂಬೆಯ ಕಣ್ಣು ಗುಂಡಲ್ಲ, ಕೊಳವೆಯಾಕಾರದ್ದು, ಗೂಡಿನೊಳಗೆ ತಿರುಗಲಾರದು. ಅದಕ್ಕಾಗಿಯೇ ಅದು ತಲೆಯನ್ನು 270 ಡಿಗ್ರಿಯವರೆಗೆ ಹೊರಳಿಸುತ್ತದೆ. ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಅದಕ್ಕೆ 14. ಆದರೆ ಮರದ ಮೇಲೆ ಕುಳಿತ ಗೂಬೆಯಲ್ಲಿ ಆ ಕತ್ತು ಕಾಣುವುದೇ ಇಲ್ಲ, ಗರಿಯೊಳಗೆ ಮುಚ್ಚಿಹೋಗಿರುತ್ತದೆ. ತಲೆಯೂ ಮೈಯೂ ಒಂದೇ ಉಬ್ಬಾಗಿ ಸೇರಿರುತ್ತವೆ. ಹೆಣಿಗೆಯವರಿಗೆ ಇದು ದೊಡ್ಡ ಅನುಕೂಲ. ಆನೆಗೋ ನಾಯಿಗೋ ಹೆಣೆಯುವ ಹಾಗೆ ಕತ್ತು, ಕಾಲು, ಸೊಂಡಿಲು ಬೇರೆ ಬೇರೆ ಹೆಣೆದು ಜೋಡಿಸಬೇಕಾಗಿಲ್ಲ. ಸುತ್ತಾಗಿ ಹೆಣೆದ ಒಂದೇ ಕೊಳವೆ ಸಾಕು. ಗೂಬೆಯ ಗರಿಯ ಮೇಲ್ಮೈ ಮಖಮಲ್ಲಿನ ನವಿರಿನಿಂದ ಕೂಡಿರುತ್ತದೆ, ರೆಕ್ಕೆಯ ಮುಂದಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿರುತ್ತವೆ, ಇವೆರಡೂ ಸೇರಿ ಗಾಳಿಯ ಸದ್ದನ್ನು ಅಡಗಿಸುತ್ತವೆ. ಫೆಲ್ಟಿಗೂ ಸದ್ದನ್ನು ಹೀರುವ ಗುಣವಿದೆ, ಪಿಯಾನೋದ ತಂತಿಗೆ ಬಡಿಯುವ ಸುತ್ತಿಗೆಗಳ ತಲೆಗೆ ಉಣ್ಣೆಯ ಫೆಲ್ಟನ್ನೇ ಹೊದಿಸಿರುತ್ತಾರೆ. ಅಂಚುಗಳು ಚೂಪಾಗಿರದ, ಬೆಳಕು ಬಿದ್ದರೂ ಮಿನುಗದ ಮೈ ಎರಡಕ್ಕೂ ಸಮಾನ. ನವಿಲನ್ನು, ಗಿಳಿಯನ್ನು ಫೆಲ್ಟಿನಲ್ಲಿ ಮಾಡಬಹುದು, ಆದರೆ ಅವುಗಳ ಹೊಳಪು ಈ ಬಟ್ಟೆಯಲ್ಲಿ ಬರುವುದಿಲ್ಲ. ಗೂಬೆಗೆ ಫೆಲ್ಟು ತನ್ನದೇ ಮೈಯಷ್ಟು ಹತ್ತಿರ.

ಮುಖದ ತಟ್ಟೆಯನ್ನು ಒದ್ದೆಯಲ್ಲೇ ಹೆಬ್ಬೆರಳುಗಳಿಂದ ಒತ್ತಿ ತಗ್ಗು ಮಾಡುತ್ತೇನೆ. ಈ ತಗ್ಗು ಕೇವಲ ಅಂದಕ್ಕಲ್ಲ. ನಿಜವಾದ ಗೂಬೆಯಲ್ಲಿ ಅದು ಸದ್ದನ್ನು ಕೂಡಿಸಿ ಕಿವಿಗೆ ಕಳಿಸುವ ಬೋಗುಣಿ, ಕಣಜ ಗೂಬೆಯಲ್ಲಂತೂ ಎರಡು ಕಿವಿಗಳು ಎತ್ತರದಲ್ಲೂ ಸಮವಿರುವುದಿಲ್ಲ, ಆ ಅಂತರದಿಂದಲೇ ಅದು ಕತ್ತಲಲ್ಲಿ ಇಲಿ ಇರುವ ಜಾಗವನ್ನು ತಿಳಿಯುತ್ತದೆ. ಒಣಗಿದ ಮೇಲೆ ತಟ್ಟೆಯ ಅಂಚಿಗೆ ಬಿಡಿ ಉಣ್ಣೆಯನ್ನು ಫೆಲ್ಟಿಂಗ್ ಸೂಜಿಯಿಂದ ಚುಚ್ಚಿ ಕೂರಿಸಬೇಕು. ಈ ಸೂಜಿಗೆ ಕಣ್ಣಿಲ್ಲ, ಮೈಯುದ್ದಕ್ಕೂ ಸಣ್ಣ ಕಚ್ಚುಗಳಿವೆ. ಚುಚ್ಚಿದಾಗ ಆ ಕಚ್ಚುಗಳು ಮೇಲಿನ ಎಳೆಗಳನ್ನು ಒಳಕ್ಕೆ ಎಳೆದೊಯ್ದು ಅಲ್ಲೇ ಬಿಟ್ಟು ಬರುತ್ತವೆ. ಬೆರಳಿಗೆ ಬಿದ್ದರೆ ಆಳವಾಗಿ ಹೋಗುತ್ತದೆ, ಆದ್ದರಿಂದ ದಪ್ಪ ಸ್ಪಂಜಿನ ಮೇಲಿಟ್ಟು ನೆಟ್ಟಗೆ ಚುಚ್ಚಿ ನೆಟ್ಟಗೇ ತೆಗೆಯಬೇಕು, ಓರೆ ಮಾಡಿದರೆ ತುದಿ ಮುರಿದು ಒಳಗೇ ಉಳಿಯುತ್ತದೆ. ಕಣ್ಣನ್ನು ನಾನು ಗುಂಡಿಯಿಂದ ಮಾಡುವುದಿಲ್ಲ, ಹಳದಿ ಉಣ್ಣೆಯ ಚಕ್ಕೆಯನ್ನು ಚುಚ್ಚಿ ಕೂರಿಸಿ, ನಡುವೆ ಕಪ್ಪು ಉಣ್ಣೆಯ ಪಾಪೆ ಇಟ್ಟು, ಒಂದೇ ಒಂದು ಬಿಳಿಯ ರೇಷ್ಮೆಯ ಹೊಲಿಗೆ ಹಾಕುತ್ತೇನೆ. ಎರಡೂ ಕಣ್ಣುಗಳಲ್ಲಿ ಈ ಬಿಳಿಚುಕ್ಕೆ ಒಂದೇ ಕಡೆಗಿರಬೇಕು, ಬೆಳಕು ಒಂದೇ ಕಿಟಕಿಯಿಂದ ಬಂದ ಹಾಗೆ. ಹುಬ್ಬುಗಳ ಓರೆ ಒಂದು ಭತ್ತದಷ್ಟು ಬದಲಾದರೂ ಗೂಬೆಯ ಮುಖಭಾವ ಬದಲಾಗುತ್ತದೆ. ಒಳಕ್ಕೆ ಬಾಗಿದರೆ ಸಿಟ್ಟು, ಹೊರಕ್ಕೆ ಬಾಗಿದರೆ ದುಃಖ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಆ ನಿಜವಾದ ಗೂಬೆಯ ದಿಟ್ಟ ನೋಟ ಇರುತ್ತದೆ. ಅದನ್ನು ಹುಡುಕಲು ಹುಬ್ಬನ್ನು ಮೊದಲು ಗುಂಡುಸೂಜಿಯಲ್ಲಿ ಸಿಕ್ಕಿಸಿ, ಎದುರಿಗಿಟ್ಟು, ದೂರ ಕುಳಿತು ನೋಡುತ್ತೇನೆ.

ಧಾರವಾಡದವಳಾದ್ದರಿಂದ ಕಸೂತಿಯನ್ನು ಗೂಬೆಯ ರೆಕ್ಕೆಯ ಮೇಲೆ ತರುವ ಆಸೆ ಬಹಳ ಇತ್ತು. ಗವಂತಿ, ಮುರ್ಗಿ, ನೇಗಿ, ಮೆಂತಿ ಈ ನಾಲ್ಕೂ ಹೊಲಿಗೆಗಳು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥವು, ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ರೂಢಿಯಿಲ್ಲ. ಫೆಲ್ಟಿನಲ್ಲಿ ಎಣಿಸಲು ಎಳೆಯೇ ಉಳಿದಿರುವುದಿಲ್ಲ. ಇದಕ್ಕೆ ಪರಿಹಾರವಾಗಿ ಕ್ಯಾನ್ವಾಸಿನ ತುಂಡನ್ನು ಮೇಲೆ ಟಾಕಿ, ಅದರ ಮನೆಗಳನ್ನು ಎಣಿಸಿ ಗವಂತಿ ಹಾಕಿ, ಕೊನೆಯಲ್ಲಿ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಪದ್ಧತಿಯಿದೆ. ಹಾಗೆ ಮಾಡಿದ ರೆಕ್ಕೆ ಚೆನ್ನಾಗಿಯೇ ಬರುತ್ತದೆ. ಆದರೂ ಕಸೂತಿಯ ಚೌಕಟ್ಟಾದ ಶಿಸ್ತು ಈ ಮಸುಕಾದ ಮೈಮೇಲೆ ಪರಕೀಯವಾಗಿ ಕಾಣುತ್ತದೆಯೆಂದು ನನಗೆ ಅನಿಸಿದೆ. ಸರಪಳಿ ಹೊಲಿಗೆ, ಓಡುಹೊಲಿಗೆಗಳಾದರೆ ರೆಕ್ಕೆಗೆ ಹೊಂದುತ್ತವೆ.

ಉಣ್ಣೆಯಲ್ಲಿ ಹಕ್ಕಿ ಮಾಡುವ ಹಂಬಲ ಬಹಳ ಹಳೆಯದು. ಸೈಬೀರಿಯಾದ ಅಲ್ತಾಯ್ ಪರ್ವತಗಳಲ್ಲಿರುವ ಪಜಿರಿಕ್ ಎಂಬಲ್ಲಿನ ಹಿಮಗಟ್ಟಿದ ಸಮಾಧಿಯೊಂದರಲ್ಲಿ, ಸೆರ್ಗೇಯ್ ರುಡೆಂಕೊ ಅವರು 1949ರಲ್ಲಿ ನಡೆಸಿದ ಉತ್ಖನನದಲ್ಲಿ, ಫೆಲ್ಟಿನಿಂದ ಹೊಲಿದು ಒಳಗೆ ತುಂಬಿದ ಹಂಸಗಳು ಸಿಕ್ಕವು. 2,000 ವರ್ಷಗಳಿಗೂ ಹಿಂದಿನ ಆ ಹಂಸಗಳು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿವೆ. ಬಿಳಿಯ ಮೈ, ಕಪ್ಪು ರೆಕ್ಕೆತುದಿ, ಬಾಗಿದ ಕತ್ತು. ಅವುಗಳ ಚಿತ್ರವನ್ನು ನೋಡಿದಾಗ ಆ ಬಣ್ಣದ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿದ ಕೈಯನ್ನು ನಾನು ಗುರುತಿಸಬಲ್ಲೆ ಎನಿಸುತ್ತದೆ. ಅದು ಬಿಡಿ ಉಣ್ಣೆಯನ್ನು ಹಾಸಿ ಮಾಡಿದ ಫೆಲ್ಟು, ನಮ್ಮ ದೇಶದಲ್ಲಿ ಕಾಶ್ಮೀರದವರೂ ರಾಜಸ್ಥಾನದ ಟೋಂಕ್‌ನವರೂ ನಮ್ದಾ ಎಂಬ ಹಾಸುಗಳನ್ನು ಮಾಡುವುದು ಅದೇ ಬಗೆಯಲ್ಲಿ. ಮೊದಲು ಹೆಣೆದು ಆಮೇಲೆ ಕುಗ್ಗಿಸುವ ರೂಢಿ ಚಳಿದೇಶದ ಮೀನುಗಾರರದ್ದು, ರೈತರದ್ದು. ಅಮೆರಿಕದ ಮೇಯ್ನ್ ಕರಾವಳಿಯ ಮೀನುಗಾರರಿಗೆ ಅವರ ಮನೆಯವರು ಅಳತೆಗಿಂತ ಬಹಳ ದೊಡ್ಡ ಕೈಗವಸು ಹೆಣೆದು ಸಮುದ್ರದ ನೀರಿನಲ್ಲಿ ಕುಗ್ಗಿಸಿ ಕೊಡುತ್ತಿದ್ದರು. ಒದ್ದೆಯಾದರೂ ಬೆಚ್ಚಗಿರುವುದೇ ಅದರ ಗುಣ. ದುಡಿಮೆಯ ಆ ಬಟ್ಟೆಯಿಂದಲೇ ಇಂದಿನ ಆಟಿಕೆಗಳು ಬಂದಿವೆ.

ಗೂಬೆಯ ಆಟಿಕೆ ಎಂದಾಗ ನಮ್ಮ ಕಡೆಯ ಹಿರಿಯರು ಕೆಲವರು ಮುಖ ಸಿಂಡರಿಸುತ್ತಾರೆ. “ಮನಿಯೊಳಗ ಗೂಗಿ ಯಾಕ್ರಿ?” ಎಂದು ನೆರೆಮನೆಯವರು ನೇರವಾಗಿಯೇ ಕೇಳಿದ್ದಾರೆ. ಅವರಿಗೆ ನಾನು ಬುಡುಬುಡಿಕೆಯವರನ್ನು ನೆನಪಿಸುತ್ತೇನೆ. ಬೆಳಗಿನ ಜಾವ ಬುಡುಬುಡಿಕೆ ಆಡಿಸುತ್ತಾ ಬಂದು ‘ಹಾಲಕ್ಕಿ ನುಡೀತೈತೆ’ ಎಂದು ಮನೆಗೆ ಒಳ್ಳೆಯದನ್ನು ಹೇಳುವಾಗ, ಶಕುನ ನುಡಿದದ್ದು ಇದೇ ಪುಟ್ಟ ಗೂಬೆ ತಾನೇ? ಬಂಗಾಳದಲ್ಲಿ ಗೂಬೆ ಲಕ್ಷ್ಮಿಯ ವಾಹನ. ಬರ್ಧಮಾನ್ ಸೀಮೆಯ ನತುನ್‌ಗ್ರಾಮದ ಬಡಗಿಗಳು ಬಣ್ಣದ ಮರದ ಗೂಬೆಗಳಿಗೇ ಹೆಸರಾದವರು. ಮಾಟಮಂತ್ರದ ನಂಬಿಕೆಯಿಂದ ದೀಪಾವಳಿಯ ಹೊತ್ತಿಗೆ ನಿಜವಾದ ಗೂಬೆಗಳನ್ನು ಹಿಡಿದು ಕೊಲ್ಲುವುದು ಇಂದಿಗೂ ನಿಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧವಾಗಿದ್ದರೂ. ಒಂದು ಮಗು ಚಿಕ್ಕಂದಿನಿಂದ ಹಾಲಕ್ಕಿಯನ್ನು ತಬ್ಬಿ ಮಲಗಿ ಬೆಳೆದರೆ, ಮುಂದೆ ಮರದ ಪೊಟರೆಯಲ್ಲಿ ಅದನ್ನು ಕಂಡಾಗ ಕಲ್ಲು ಎತ್ತಿಕೊಳ್ಳುವುದಿಲ್ಲವೆಂಬ ನಂಬಿಕೆ ನನಗಿದೆ. ಅದಕ್ಕಾಗಿಯೇ ನಾನು ಗುಲಾಬಿ, ನೇರಳೆ ಬಣ್ಣದ ಹೆಸರಿಲ್ಲದ ಗೂಬೆಗಳನ್ನು ಹೆಣೆಯುವುದಿಲ್ಲ; ಹೆಣೆದದ್ದು ಯಾವ ಗೂಬೆಯೆಂದು ಮಗುವಿಗೆ ಹೇಳಲು ಬರಬೇಕು, ಅದರ ಕೂಗು ಹೇಗೆಂದು ಅನುಕರಿಸಿ ತೋರಿಸಲೂ ಬರಬೇಕು.

ಮೈಯೊಳಗೆ ಬೂರುಗದ ಹತ್ತಿಯನ್ನೋ, ತೊಳೆದು ಹಿಂಜಿದ ಉಣ್ಣೆಯ ಚೂರುಗಳನ್ನೋ ತುಂಬಬಹುದು. ನೆಟ್ಟಗೆ ಕೂರಲೆಂದು ತಳಕ್ಕೆ ರಾಗಿ, ಸಾಸಿವೆ ಹಾಕುವವರಿದ್ದಾರೆ, ಅದಕ್ಕೆ ಹುಳು ಹಿಡಿಯುತ್ತದೆ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಗೂಬೆಗೆ ಗುಂಡಿ, ಮಣಿ, ಕನ್ನಡಿ ಏನೂ ಇರಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯ ಅವುಗಳಲ್ಲಿದೆ. ಮಾರಾಟಕ್ಕೆಂದು ಮಾಡುವವರು ಆಟಿಕೆಗಳ ಸುರಕ್ಷತೆಯ ಭಾರತೀಯ ಮಾನಕ ಐಎಸ್ 9873ರ ನಿಯಮಗಳನ್ನು ತಿಳಿದುಕೊಂಡಿರಬೇಕು. 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿಯಿದೆ. ಉಣ್ಣೆಯ ದೊಡ್ಡ ಶತ್ರು ನುಸಿ. ಅದರ ಮರಿಹುಳು ಕೆರಾಟಿನ್ನನ್ನೇ ತಿಂದು ಬದುಕುತ್ತದೆ, ಕತ್ತಲಲ್ಲಿ ಮುಟ್ಟದೆ ಇಟ್ಟ ವಸ್ತುವೆಂದರೆ ಅದಕ್ಕೆ ಹಬ್ಬ. ಆಡುತ್ತಿರುವ ಮಗುವಿನ ಕೈಯಲ್ಲಿರುವ ಗೂಬೆಗೆ ನುಸಿ ಹಿಡಿಯುವುದು ಅಪರೂಪ. ಗಾಜಿನ ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟದ್ದನ್ನು ಮಾತ್ರ ಮಳೆಗಾಲದ ಮುಂಚೆಯೂ ಆಮೇಲೆಯೂ ಹೊರತೆಗೆದು, ಕೊಡವಿ, ಬಿಸಿಲಿಗೆ ಇಡಬೇಕು.

ಈಗ ಕಡ್ಡಿಯ ಮೇಲಿರುವುದು ಮೀನು ಗೂಬೆ. ಕಂದು ಮೈ, ಎದೆಯ ಮೇಲೆ ಕಡುಕಂದು ಉದ್ದಗೆರೆಗಳು, ಹಳದಿ ಕಣ್ಣು, ಗರಿಯಿಲ್ಲದ ಬರಿಗಾಲು. ಎದೆಯ ಉದ್ದಗೆರೆಗಳಿಗೆ ರೇಷ್ಮೆಯ ಅಡ್ಡಸಾಲು ಒಗ್ಗುವುದಿಲ್ಲವಾದ್ದರಿಂದ, ಪ್ರತಿ ಸಾಲಿನಲ್ಲೂ ಅದೇ ಕುಣಿಕೆಯ ಮೇಲೆ ಎಳೆಯನ್ನು ಏರಿಸುತ್ತಾ ನಿಲುವಾಗಿ ತರುತ್ತಿದ್ದೇನೆ. ಎತ್ತರದಲ್ಲಿ ಕುಗ್ಗುವಿಕೆ ಹೆಚ್ಚಾದ್ದರಿಂದ ಇಲ್ಲಿ ಗರಿ ಇನ್ನೂ ಚೆನ್ನಾಗಿ ಏಳಬೇಕು. ಕೊಂಬಿಗೂ ಹುಬ್ಬಿಗೂ ಕಂದು ಛಾಯೆಯ ಡೆಕ್ಕನಿ ಮರಿ ಉಣ್ಣೆ, ಕೈಯಲ್ಲಿ ಸಣ್ಣಗೆ ನೂತದ್ದು, ಬೇಕಾಗಿದೆ. ಕಪ್ಪು ಎಲ್ಲೆಡೆ ಸಿಗುತ್ತದೆ, ಕಂದು ಸಿಗುವುದು ಕಷ್ಟ. ಚಿತ್ರದುರ್ಗ, ಹಾವೇರಿ, ಕೊಪ್ಪಳದ ಕಡೆ ಅಂಥ ನೂಲು ತೆಗೆಯುವವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಒಂದು ಉಂಡೆ ಸಾಕು, ಆದರೆ ನೂತವರು ಕೇಳಿದ ಬೆಲೆಯನ್ನು ಪೂರ್ತಿ ಕೊಟ್ಟೇ ಕೊಳ್ಳುತ್ತೇನೆ.